ಬಾಣಂತಿಗೆ ಸುತ್ತಿದ ಸರ್ಕಾರಿ ಪಟ್ಟಿ

ಐನಾಪುರದ ಮಾಣಿಕಪ್ಪ ವರ್ಷಕ್ಕೆ ಹದಿನೈದು ದಿನ ಸಿಪಾಯಿ, ಉಳಿದ ದಿನ ರೈತ. ನಿಜಾಮರ ಕಾಲದಲ್ಲಿ ಪಲ್ಟನ್ನಿನ ನೌಕರಿ ಮುಗಿಸಿ ಊರಿಗೆ ಬಂದು, ಕರೆದಾಗ ಮತ್ತೆ ಹೋಗಬೇಕಾದವರನ್ನು ರಿಜರ್ವಿನವರು ಅನ್ನುತ್ತಿದ್ದರು. ಚಿಂಚೋಳಿ, ಸೇಡಂ, ಚಿತ್ತಾಪುರದ ಕಡೆಯ ಅಂಥವರ ಮೇಲೆಲ್ಲ ವಾಡಿ ಟೇಶನ್ನಿನ ಹಿಂದಿದ್ದ ಸದರ ಕಚೇರಿಯ ಹುಕುಂ ನಡೆಯುತ್ತಿತ್ತು. ಸುಗ್ಗಿ ಮುಗಿದ ಮೇಲೆ ಕಚೇರಿ ಎಲ್ಲರನ್ನೂ ಕರೆಸಿ, ಯಾರು ಬದುಕಿದ್ದಾರೆ, ಯಾರಿಗೆ ಬೊಜ್ಜು ಬಂದಿದೆ, ಸರ್ಕಾರ ಕೊಟ್ಟ ಸಾಮಾನು ಸರಿಯಾಗಿದೆಯೇ ಎಂದು ನೋಡಿ, ಕವಾಯತು ಮಾಡಿಸಿ ಕಳಿಸುತ್ತಿತ್ತು. ಆಮೇಲೆ ಆ ಸೈನ್ಯವೆಲ್ಲ ಊರೂರಲ್ಲಿ ಎಮ್ಮೆ ಕಾಯುತ್ತಿತ್ತು.

ಆ ಸಾಮಾನಿನಲ್ಲಿ ಕಾಲಿಗೆ ಸುತ್ತುವ ಎರಡು ಉಣ್ಣೆಯ ಪಟ್ಟಿಗಳಿದ್ದವು. ಮಾಣಿಕಪ್ಪನ ತಾಯಿ ಸಾಬಮ್ಮ ಊರಿನ ಸೂಲಗಿತ್ತಿ. ಹಡೆದವಳ ಹೊಟ್ಟೆಗೆ ಬಿಗಿಯಾಗಿ ಬಟ್ಟೆ ಸುತ್ತುವುದು ನಮ್ಮ ಕಡೆಯ ಪದ್ಧತಿ. ಹಳೆ ಸೀರೆ ಜಾರುತ್ತದೆ, ಸರ್ಕಾರದ ಪಟ್ಟಿ ಜಾರುವುದಿಲ್ಲ ಎಂದು ಸಾಬಮ್ಮ ಒಮ್ಮೆ ಕಂಡುಕೊಂಡದ್ದೇ ತಡ, ಐನಾಪುರದ ಬಾಣಂತಿಯರೆಲ್ಲ ಸರದಿಯ ಮೇಲೆ ಪಲ್ಟನ್ನಿಗೆ ಸೇರಿದರು. ನಾನೂ ಸುತ್ತಿಕೊಂಡವಳೇ. ಚುಚ್ಚುತ್ತದೆ, ಆದರೆ ನಡು ನಿಲ್ಲುತ್ತದೆ.

ಆ ವರ್ಷ ಒಂಬತ್ತು ಸಿಪಾಯಿಗಳ ಮೇಲಿದ್ದ ಹಳೆಯ ನಾಯಕನನ್ನು ವಯಸ್ಸಾಯಿತೆಂದು ಬಿಡಿಸುವವರಿದ್ದರು. ಆ ಜಾಗ, ಅದರ ಗುರುತಾದ ತೋಳಿನ ಫೀತಿ, ಎರಡೂ ಮಾಣಿಕಪ್ಪನಿಗೇ ಎಂದು ಮಾತಾಗಿತ್ತು. ಸಾಮಾನು ಪೂರ್ತಿ ಇರಬೇಕು, ಅಷ್ಟೇ. ಅವನು ಊರಿಗೆಲ್ಲ ಹೇಳಿಕೊಂಡು ಬಂದಿದ್ದ. ಹೊರಡುವ ಹಿಂದಿನ ದಿನ ಪೆಟ್ಟಿಗೆ ತೆರೆದರೆ ಒಂದೇ ಪಟ್ಟಿ.

"ಅವ್ವಾ, ಇನ್ನೊಂದು ಎಲ್ಲಿ?"

"ಹಸೀನಾಬೇಗಂನ ಹೊಟ್ಟಿಗಿ ಅದ."

"ಅದು ಸರ್ಕಾರದ್ದು."

"ಸರ್ಕಾರ ಹಡದದೇನು?" ಎಂದಳು ಸಾಬಮ್ಮ.

ಒಲೆಯ ಮುಂದಿದ್ದ ಹೆಂಡತಿ ಗುರುದೇವಿ ತಿರುಗಿ, "ನಿಮ್ಮ ಕಾಲಾದ್ರೂ ಹಡದಾವೇನು?" ಎಂದಳು.

ಮಾಣಿಕಪ್ಪ ಸಿಟ್ಟಿನಿಂದ ಹಸೀನಾಬೇಗಂನ ಮನೆಗೆ ನಡೆದ. ಅವಳ ಗಂಡ ಲಾಲ್ ಅಹ್ಮದ್ ಅವನ ಗೆಳೆಯ. ಕಟ್ಟೆಯ ಮೇಲೆ ಕೂಡಿಸಿಕೊಂಡ. ಮಾಣಿಕಪ್ಪ ಮಳೆಯ ಮಾತಾಡಿದ, ಎತ್ತಿನ ಮಾತಾಡಿದ. ಒಳಗೆ ಕೂಸು ಅತ್ತಿತು.

"ಏನೋ ಕೇಳಾಕ ಬಂದಂಗ ಅದ ಮಾಣಿಕಣ್ಣ."

"ಏನಿಲ್ಲ. ಕೂಸಿಗಿ ಹೆಸರು ಇಟ್ಟಿರೇನು ಅಂತ."

"ಇನ್ನಾ ಇಲ್ಲ."

"ಛಲೋ ಹೆಸರು ಇಡ್ರಿ" ಎಂದು ಎದ್ದು ಬಂದ. ಮನೆಗೆ ಬಂದು ಹಳೆಯ ಕರಿ ಕಂಬಳಿಯ ಅಂಚು ಕತ್ತರಿಸಿದ.

ವಾಡಿಯಲ್ಲಿ ಸದರ ಕಚೇರಿಯ ಸಾಹೇಬರು ಸಾಲು ನೋಡುತ್ತ ಬಂದು ಅವನ ಕಾಲ ಬಳಿ ನಿಂತರು. ಒಂದು ಕಾಲು ಖಾಕಿ, ಒಂದು ಕರಿ.

"ಈ ಕರಿ ಕಾಲು ಯಾವ ಪಲ್ಟನ್ನಿನದು?"

ಸಾಹೇಬರ ಹಿಂದಿದ್ದ ಮುನ್ಷಿ ಬಾಬುಮಿಯಾ, "ಇಲಿ ತಿಂದಾವ ಅನ್ನೋ" ಎಂದು ಪಿಸುಗುಟ್ಟಿದ. ಇಲಿ ತಿಂದರೆ ಕಚೇರಿ ಮನ್ನಿಸುತ್ತಿತ್ತು. ಪ್ರತಿ ವರ್ಷ ಇಲಿಗಳು ಪಾಪ, ಹಿತ್ತಾಳೆಯ ಗುಂಡಿಗಳನ್ನೂ ತಿನ್ನುತ್ತಿದ್ದವು. ಬೇರೆಯವರಿಗೆ ಕೊಟ್ಟದ್ದು ಮಾತ್ರ ತಪ್ಪು.

"ಇಲಿರಿ ಹುಜೂರ್..." ಎಂದ ಮಾಣಿಕಪ್ಪ.

"ತಿಂದು ಚೂರಾದರೂ ಬಿಟ್ಟಿರಬೇಕಲ್ಲ, ತೋರಿಸು."

ಸುಳ್ಳು ಹೇಳಲು ಬಾರದಿರುವುದು ದೇವರು ಕೊಡುವ ವರ. ಯಾವ ಹೊತ್ತಿನಲ್ಲಿ ಕೊಡಲಿ ಎಂದು ಮಾತ್ರ ಅವನು ಯಾರನ್ನೂ ಕೇಳುವುದಿಲ್ಲ.

"ಇಲಿ ಅಲ್ರಿ. ಬಾಣಂತಿ ಹೊಟ್ಟಿಗಿ ಸುತ್ಯಾರ್ರಿ."

ಸಾಲು ನಕ್ಕಿತು.

"ನಿನ್ನ ಹೆಂಡತಿಯೇ?"

"ಅಲ್ರಿ, ಲಾಲ್ ಅಹ್ಮದನ ಹೆಂಡ್ತಿ."

ಸಾಲು ಇನ್ನಷ್ಟು ನಕ್ಕಿತು. ಸಾಹೇಬರು ಮೀಸೆ ಮುಟ್ಟಿಕೊಂಡರು. "ಬಿಚ್ಚಿಸಿ ತರಬೇಕಿತ್ತು."

"ಹಸಿ ಬಾಣಂತಿರಿ. ಕೇಳಾಕ ಬಾಯಿ ಬರಲಿಲ್ಲ."

ಸಾಹೇಬರು ಕರಿ ಕಾಲನ್ನು ಇನ್ನೊಮ್ಮೆ ನೋಡಿ ಮುಂದೆ ಹೋದರು. ಅವನ ಹೆಸರನ್ನು ಹೊಡೆದು ಹಾಕಲಿಲ್ಲ. ಆದರೆ ಫೀತಿ ಶಹಾಬಾದಿನವನೊಬ್ಬನ ತೋಳಿಗೆ ಹೋಯಿತು. ಅವನಿಗೆ ಕವಾಯತಿನಲ್ಲಿ ಎಡ ಯಾವುದು ಬಲ ಯಾವುದು ತಿಳಿಯುತ್ತಿರಲಿಲ್ಲ, ಆದರೆ ಎರಡೂ ಕಾಲಿಗೆ ಪಟ್ಟಿ ಇತ್ತು. ಆ ಹದಿನೈದು ದಿನ ಮಾಣಿಕಪ್ಪ ಅವನ ಹುಕುಮಿನಂತೆ ತಿರುಗಿದ.

ಕವಾಯತು ಮುಗಿಸಿ ಅವನು ಊರಿಗೆ ಬಂದ. ಗುರುದೇವಿ ಫೀತಿಯಿಲ್ಲದ ತೋಳು ನೋಡಿ ತಾಟಿಗೆ ಬಿಸಿ ರೊಟ್ಟಿ ಹಾಕಿದಳು. ಅವನು ತಲೆ ಎತ್ತದೆ ಉಣ್ಣುತ್ತಿದ್ದ. ಸಾಬಮ್ಮ ಗೋಡೆಗೆ ಒರಗಿ ಕುಳಿತಿದ್ದವಳು ಕೇಳಿದಳು:

"ನಾಯಕ ಆದವ ಏನ್ ಮಾಡ್ತಾನಪಾ?"

"ಹುಕುಂ ಮಾಡ್ತಾನ."

"ಯಾರಿಗಿ?"

"ಒಂಬತ್ತು ಮಂದಿಗಿ. ಅವರು ಕೇಳಬೇಕು."

"ಒಂಬತ್ತು ಭಾಳ ಆಯ್ತು. ಮನ್ಯಾಗ ಒಬ್ಬಾಕಿಗಿ ಮಾಡಿ ನೋಡು ಮೊದಲು."

ಮಾಣಿಕಪ್ಪ ಬೆನ್ನು ನೆಟ್ಟಗೆ ಮಾಡಿ ಹೆಂಡತಿಯ ಕಡೆ ತಿರುಗಿದ. "ನೀರು ಕೊಡು."

"ಅಲ್ಲೇ ಕೊಡದಾಗ ಅದ, ತಗೋರಿ" ಎಂದಳು ಗುರುದೇವಿ, ರೊಟ್ಟಿ ಬಡಿಯುತ್ತಲೇ.

ಅವನು ಎದ್ದು ತಗೊಂಡ. ತಾಯಿಗೂ ಒಂದು ತಂಬಿಗೆ ಕೊಟ್ಟ.