ಉಳದೆ ಗೆದ್ದ ಮುನ್ಯಾವೊ

ಮಕುವೇನಿ ಗುಡ್ಡಗಳ ಕಡೆ ಮುನ್ಯಾವೊನಷ್ಟು ಸೋಮಾರಿ ಇನ್ನೊಬ್ಬನಿರಲಿಲ್ಲ. ನವೆಂಬರಿನ ಮೊದಲ ಮಳೆ ಬಿದ್ದು ಊರೆಲ್ಲ ಎತ್ತು ಹೂಡಿದಾಗ ಅವನು ಮಾವಿನ ಮರದಡಿ ಮಗ್ಗುಲು ಬದಲಿಸುತ್ತಿದ್ದ. ಕೂಳೆ ಸುಡಲು ಬೆಂಕಿಕಡ್ಡಿ ಗೀರುವುದಕ್ಕೂ ಅವನಿಗೆ ಬೇಸರ. ಹೆಂಡತಿ ಸ್ಯೊಕಾವು ಬೈದು ಬೈದು ಸುಸ್ತಾಗಿ, ಕೂಳೆಯ ನಡುವೆಯೇ ಕೋಲಿನಿಂದ ಕುಳಿ ಮಾಡಿ ತೊಗರಿ, ಹೆಸರು ಊರುತ್ತಿದ್ದಳು. ಹೀಗೆ ಏಳು ವರ್ಷ.

ಆಮೇಲೆ ಇಂಗಾಲದ ಕಂಪನಿಯವರು ಬಂದರು. ಗಾಳಿಯಲ್ಲಿರುವ ಇಂಗಾಲವನ್ನು ಹೊಲದ ಮಣ್ಣು ಹಿಡಿದಿಟ್ಟುಕೊಂಡರೆ, ಹೊಗೆ ಉಗುಳುವ ದೂರದ ಕಾರ್ಖಾನೆಗಳವರು ರೈತರಿಗೆ ಹಣ ಕೊಡುತ್ತಾರಂತೆ. ಉತ್ತರೆ, ಕೂಳೆ ಸುಟ್ಟರೆ ಆ ಇಂಗಾಲ ಮತ್ತೆ ಗಾಳಿಗೆ ಹೋಗಿಬಿಡುತ್ತದಂತೆ. ಹೊಲಹೊಲಕ್ಕೂ ಕೊಳವೆ ಇಳಿಸಿ ಮಣ್ಣು ಒಯ್ದರು. ಪರೀಕ್ಷೆಯಲ್ಲಿ ಮುನ್ಯಾವೊನ ಹೊಲವೇ ಮೊದಲು!

ಕಂಪನಿಯ ಹುಡುಗಿ ಕವುಥಾ ಓಡೋಡಿ ಬಂದಳು. "ಹೇಗೆ ಮಾಡಿದ್ರಿ ಮಾಮ?"

"ಏನೂ ಮಾಡ್ಲಿಲ್ಲಮ್ಮ."

"ಅದೇ! ಅದನ್ನೇ ನೀವು ಎಲ್ರಿಗೂ ಹೇಳ್ಕೊಡ್ಬೇಕು!"

ಅಲ್ಲಿಗೆ ಅವನ ನೆಮ್ಮದಿ ಮುಗಿಯಿತು. ಹಸಿರು ಅಂಗಿ, ರಬ್ಬರ್ ಬೂಟು ತೊಡಿಸಿ, ಬೆಳಗಿನ ಐದಕ್ಕೇ ಎಬ್ಬಿಸಿ, ಗುಡ್ಡದಿಂದ ಗುಡ್ಡಕ್ಕೆ ನಡೆಸಿದರು. ಉಳದೇ ಇರುವುದು ಹೇಗೆಂದು ಮೂರು ತಾಸು ನಿಂತು ವಿವರಿಸಬೇಕು. ಒಂದೂರಿನವರು "ಬಾಯ್ಮಾತು ಬೇಡ, ಮಾಡಿ ತೋರಿಸು" ಎಂದರು. ಮಲಗಿ ತೋರಿಸಿದ. ಚಪ್ಪಾಳೆ ತಟ್ಟಿ ಎಬ್ಬಿಸಿಬಿಟ್ಟರು.

ಎರಡು ತಿಂಗಳಿಗೆ ಸಾಕುಸಾಕಾಯಿತು. ಹೊಲ ಉತ್ತುಬಿಟ್ಟರೆ ಈ ಕೆಲಸದಿಂದ ತೆಗೆದುಹಾಕುತ್ತಾರೆಂದು ಯೋಚಿಸಿ, ಅಣ್ಣ ಕಿಯೋಕೊನ ಎತ್ತು ಕೇಳಲು ಹೋದ.

"ಏನೋ, ಮೈ ಸರಿ ಇಲ್ವೇನೋ?" ಅಣ್ಣ ಹಣೆ ಮುಟ್ಟಿ ನೋಡಿದ.

ಎತ್ತುಗಳು ಇವನ ಮಾತು ಕೇಳಲಿಲ್ಲ. ನಾಲ್ಕು ಹೆಜ್ಜೆ ನಡೆದು ಕೂಳೆ ಮೇಯತೊಡಗಿದವು. ಅವು ಮೇಯ್ದು ಮುಗಿಸಲಿ ಎಂದು ನೇಗಿಲಿಗೆ ಒರಗಿದವನು ಹಾಗೆಯೇ ನಿದ್ದೆಹೋದ. ಕವುಥಾ ಮತ್ತು ಸ್ಯೊಕಾವು ಅವನನ್ನು ಕಂಡದ್ದು ಆ ಭಂಗಿಯಲ್ಲಿ.

"ಕತುಂಗೆಯಪ್ಪಾ! ಏನಿದು?" ಸ್ಯೊಕಾವು ಮಗಳ ಹೆಸರು ಹಿಡಿದು ಕೂಗಿದಳು.

"ಉಳ್ತಿದ್ದೀನಿ ಕಣೇ," ಎಂದು ಎದ್ದವನು ಕವುಥಾಳಿಗೆ ಕೈಮುಗಿದ. "ನನ್ನ ಬಿಟ್ಬಿಡಮ್ಮ. ಏನೂ ಮಾಡ್ದೆ ಇರೋದ್ರಲ್ಲಿ ಇಷ್ಟೊಂದು ಕೆಲ್ಸ ಇರುತ್ತೆ ಅಂತ ಗೊತ್ತಿರ್ಲಿಲ್ಲ. ಕುಳಿ ಮಾಡಿದ್ದು, ಬೀಜ ಊರಿದ್ದು ಎಲ್ಲಾ ಇವ್ಳೇ."

"ಏಳು ವರ್ಷಾನೂ ನೀವೇನಾ ಅತ್ತೆ?"

"ಮತ್ತಿನ್ಯಾರು, ಈ ಎತ್ತಾ?"

ಬೂಟು ಸ್ಯೊಕಾವಿನ ಕಾಲಿಗೆ ದೊಡ್ಡದಾಯಿತು. ತುದಿಗೆ ಚಿಂದಿ ತುರುಕಿಕೊಂಡು, ಗಂಡನ ಬದಲು ತಾನೇ ಹೇಳಿಕೊಡಲು ಹೊರಟಳು. ಅವಳ ಬಾಯಿ ಮೊದಲೇ ಜೋರು. ಊರೂರಲ್ಲಿ ಹೆಂಗಸರು ಚಹಾ, ಚಪಾತಿ ಇಟ್ಟುಕೊಂಡು ಕಾಯತೊಡಗಿದರು. ಮನೆಯಲ್ಲಿ ಮುನ್ಯಾವೊ ಒಲೆ ಹಚ್ಚಿ, ಕುಟ್ಟಿದ ಜೋಳಕ್ಕೆ ಅಲಸಂದೆ ಹಾಕಿ ಬೇಯಲಿಟ್ಟು, ಒಂದು ಗಳಿಗೆ ಕಣ್ಣು ಮುಚ್ಚಿದ.

ಸಂಜೆ ಬಂದ ಸ್ಯೊಕಾವು ಗಡಿಗೆಯ ಸೀದ ತಳ ಕೆರೆದು ನೋಡಿದಳು. "ಇದ್ರಲ್ಲೂ ಇಂಗಾಲ ಚೆನ್ನಾಗಿ ಕೂಡಿಸಿದ್ದೀಯ ಬಿಡು" ಎಂದು ಗೊಣಗುತ್ತಲೇ ಎರಡು ಸಲ ಬಡಿಸಿಕೊಂಡು ಉಂಡಳು.