ಅಣ್ಣ ತಿರುಗಿಸಿದ ಎರಡು ಸಾಲು

ದೊಡ್ಡಪ್ಪನ ಮಗನ ಮೇಲಿನ ಭಕ್ತಿಯಿಂದ ನಾನೊಂದು ಪದ್ಯ ಬರೆದೆ, ಅದನ್ನು ಅವನೇ ವೇದಿಕೆಯಲ್ಲಿ ಹೇಳಿ ನನ್ನನ್ನು ಮೇಲೆತ್ತಿದ ಎಂದು ನಮ್ಮವರು ಈಗಲೂ ಹೇಳುತ್ತಾರೆ. ಪದ್ಯ ನನ್ನದು, ಹೇಳಿದವನು ಅವನು, ಅಷ್ಟನ್ನು ಒಪ್ಪುತ್ತೇನೆ. ಭಕ್ತಿಗೆ ಸಾಕ್ಷಿ ಎಲ್ಲಿ?

ಎಂಬತ್ತರ ದಶಕದ ನಡುವೆ ಕೊಯಮತ್ತೂರಿನ ಕಾಲೇಜಿನಲ್ಲಿ ನಾವಿಬ್ಬರೂ ತಮಿಳು ಚರ್ಚಾಸ್ಪರ್ಧೆಯ, ಅಂದರೆ ಪಟ್ಟಿಮನ್ರದ, ಜೋಡಿ. ವಾದ ಕಲಿಸಿದವನು ಅವನೇ, ಇಲ್ಲವೆನ್ನಲಾರೆ. ಎದುರಾಳಿಯ ಮಾತಿನಲ್ಲಿ ತೂತು ಹುಡುಕುವುದು ನನ್ನ ಕೆಲಸ. ಅದನ್ನು ಎತ್ತಿ ತೋರಿಸಿ ಚಪ್ಪಾಳೆ ಗಿಟ್ಟಿಸುವುದು ಅವನದು. ಮುಂದಿನ ಸ್ಪರ್ಧೆಯಲ್ಲಿ ಒಬ್ಬನೇ ನಿಲ್ಲಬೇಕೆಂದು ನನಗಾಸೆ. ಬಾಯಿಬಿಟ್ಟು ಹೇಳಿದರೆ ಅಣ್ಣ ವಾದಕ್ಕೆ ನಿಂತು ಗೆದ್ದುಬಿಡುತ್ತಾನಲ್ಲ! ಅದಕ್ಕೇ ಪದ್ಯ ಕಟ್ಟಿದೆ, ಮನೆಮಾತು ಕನ್ನಡದಲ್ಲಿ. ಬರೆದದ್ದು ಮಾತ್ರ ತಮಿಳಕ್ಷರದಲ್ಲಿ. ಆಗ ಇಬ್ಬರಿಗೂ ಕನ್ನಡ ಓದಲು ಬಾರದು. ಆನೈಮಲೈ ಕಾಡಿನಲ್ಲಿ ಹುಲಿ ಹೊಡೆಯುವ ವೀರ, ಅವನ ಮುಂದೆ ಬೆಳಕು ಹಿಡಿದು ನಡೆಯುವ ಆಳು. ಕೊನೆ ಹೀಗಿತ್ತು:

ದೀವಟಿಗೆ ಹಿಡಿದವನು ಕವಲಲ್ಲಿ ತಿರುಗಿದನು,
ಬೇಟೆಗಾರನಿಗೆ ದಾರಿ ಕಾಣಲಿಲ್ಲ.

ಓದಿ ಅಣ್ಣ ನಕ್ಕ. "ಜೋರಾಗಿದೆ ಡಾ! ಯುಗಾದಿಗೆ ನಾನೇ ಹೇಳ್ತೀನಿ."

ಯುಗಾದಿಯಂದು ಗಾಂಧಿಪುರಂ ಛತ್ರದಲ್ಲಿ ನಮ್ಮ ಜನ ಸೇರಿದ್ದರು. ಕೈಯಲ್ಲಿ ಕಾಗದವಿಲ್ಲದೆ ಅವನು ಹೇಳಿದ ಕೊನೆಯೇ ಬೇರೆ:

ದೀವಟಿಗೆ ಹಿಡಿದವನು ಕವಲಲ್ಲಿ ಬಾಗಿದನು,
ಬೇಟೆಗಾರನ ಪಾದ ಬಿಡಲೇ ಇಲ್ಲ.

ಚಪ್ಪಾಳೆಯೋ ಚಪ್ಪಾಳೆ. ಸೋದರತ್ತೆ ಕಣ್ಣೊರೆಸಿಕೊಂಡು, "ಏನ್ ಡಾ ನೋಡ್ತಾ ನಿಂತಿದ್ದಿ? ಅಣ್ಣನ ಕಾಲಿಗೆ ಬೀಳು! ಯಾವತ್ತೂ ಹಿಂಗೇ ಜೋಡಿಯಾಗಿರ್ರಿ," ಎಂದು ನನ್ನನ್ನು ಮುಂದಕ್ಕೆ ತಳ್ಳಿದರು. ಅಷ್ಟು ಜನರೆದುರು ಒಲ್ಲೆ ಎನ್ನುವುದು ಹೇಗೆ? ಬಿದ್ದೆ. ಎದ್ದು ನೋಡಿದರೆ ಅವನ ಕೊರಳಿಗೆ ಮಲ್ಲಿಗೆ ಮಾಲೆ. ಪದ್ಯ ಹೇಳಿದವರಿಗೆ ಮಾಲೆ ಹಾಕುವ ಪದ್ಧತಿ ನಮ್ಮ ಸಭೆಯಲ್ಲಿ ಎಂದೂ ಇರಲಿಲ್ಲ. ಅದನ್ನು ತರಿಸಿದ್ದು ಯಾರು?

ಊರಿಗೆ ಮರಳುವ ಮಡತ್ತುಕುಳಂ ಬಸ್ಸಿನಲ್ಲಿ ಪಕ್ಕದಲ್ಲೇ ಕೂತು, ಕೊನೆ ಯಾಕೆ ಬದಲಾಯಿತೆಂದು ಕೇಳಿದೆ.

"ಕೊನೆ ಮರ್ತೋಯ್ತು ಡಾ, ಬಾಯಿಗೆ ಬಂದದ್ದು ಹೇಳ್ದೆ. ಚೆನ್ನಾಗೇ ಇತ್ತಲ್ಲ?"

"ನೀನು ಯಾವತ್ತೂ ಏನನ್ನೂ ಮರೆತದ್ದು ನಾನು ಕಂಡೇ ಇಲ್ಲ."

"ಬಸ್ಸಲ್ಲೂ ಪಟ್ಟಿಮನ್ರಮಾ, ವಕೀಲರೇ?"

ಮರೆತವನು ಒಂದು ಕ್ಷಣವಾದರೂ ತಡವರಿಸುತ್ತಾನೆ. ಇವನು ಉಸಿರು ಸಹ ತಪ್ಪಿಸಿರಲಿಲ್ಲ. ಲಯ ನನ್ನದೇ, ಪ್ರಾಸ ನನ್ನದೇ, ಅರ್ಥ ಮಾತ್ರ ಅವನದು. ಬಾಯಿಗೆ ಬಂದದ್ದು ಇಷ್ಟು ಅಚ್ಚುಕಟ್ಟಾಗಿರುತ್ತದೆಯೇ?

ಉಡುಮಲೈ ದಾಟಿದ ಮೇಲೆ, ಏನೂ ಆಗಿಲ್ಲವೆಂಬಂತೆ ಅವನೇ ಮಾತು ತೆಗೆದ. "ನಾಳೆ ಸ್ಪರ್ಧೆಗೆ ಹೆಸರು ಕೊಡ್ಬೇಕು. ಇಬ್ಬರದೂ ನಾನೇ ಕೊಡ್ಲಾ?"

"ನಿಂದು ನೀನು ಕೊಡು. ನಂದು ಬೇರೆ, ನಾನೇ ಕೊಡ್ತೀನಿ."

ಅವನ ನಗು ನಿಂತಿತು. ಟಿಕೆಟನ್ನು ಬೆರಳಲ್ಲಿ ಸುರುಳಿ ಸುತ್ತತೊಡಗಿದ.

"ಒಂದೇ ಒಂದು ಹೇಳಣ್ಣಾ. ಆ ಎರಡು ಸಾಲು ನೀನು ಕಟ್ಟಿದ್ದು ಯಾವತ್ತು?"