ಕಂಪ್ಯೂಟರಿಗೆ ಖಂಡೇಪೂಜೆ

“ನನ್ನ ಕೈಯಾಗ ಬಂದ ಮಷೀನು ನಿಂತದ್ದ ಇಲ್ಲ. ಸತ್ತು ಬಂದಾವು, ಎದ್ದು ಹೋಗ್ಯಾವು,” ಎಂದು ಚನ್ನಬಸಪ್ಪನವರು ಹೈದರಾಬಾದಿನ ಮಲ್ಕಾಜ್‌ಗಿರಿಯ ಚಹದಂಗಡಿಯಲ್ಲಿ ಹೇಳುತ್ತಿದ್ದರು. ದಿನಕ್ಕೊಮ್ಮೆ ಹೇಳುತ್ತಿದ್ದರು, ರವಿವಾರ ಎರಡು ಸಲ.

ಸುಳ್ಳು ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಬಾಲಾನಗರದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ವಿಮಾನದ ಎತ್ತರ ತೋರಿಸುವ ಮೀಟರುಗಳನ್ನು ಬಿಚ್ಚಿ ಜೋಡಿಸಿದ ಕೈ ಅದು. ಅವರು ಲೂನಾ ಏರಿ ರೈಲ್ವೆ ಸ್ಟೇಷನ್ನಿನ ಮುಂದೆ ಹಾದರೆ ಪ್ಲಾಟ್‌ಫಾರ್ಮಿನಲ್ಲಿ ಕೆಟ್ಟು ನಿಂತ ಗಡಿಯಾರ ತಾನಾಗಿ ನಡೆಯುತ್ತಿತ್ತಂತೆ. ನಡೆಯುವುದಷ್ಟೇ ಅಲ್ಲ, ನಿಂತುಹೋದ ಹದಿನೈದು ದಿನಗಳನ್ನೂ ಓಡಿ ಹಿಡಿಯುತ್ತಿತ್ತಂತೆ. ಓಣಿಯ ಮಿಕ್ಸರುಗಳಿಗೆ ಅವರ ಕೆಮ್ಮು ಕೇಳಿದರೂ ಸಾಕು, ಗುಂಯ್ ಎನ್ನುತ್ತಿದ್ದವು. ಗದಗಿನ ಕಡೆಯಿಂದ ಇಪ್ಪತ್ತನಾಲ್ಕನೇ ವಯಸ್ಸಿಗೆ ಬಂದ ಮನುಷ್ಯ ಹೈದರಾಬಾದಿನಲ್ಲಿ ಗಳಿಸಿದ್ದು ಎರಡು ಕೋಣೆಯ ಮನೆ, ಸಂತೆಗೆ ಸಾಕಾಗುವಷ್ಟು ತೆಲುಗು, ಮತ್ತು ಕಾರ್ಖಾನೆಯ ಸೆಕ್ಷನ್ನಿನಲ್ಲಿ ಕಿಟಕಿಯ ಪಕ್ಕದ ಬೆಂಚು. ಮೂರರಲ್ಲಿ ಅವರು ತಮ್ಮದು ಎಂದು ತಿಳಿದದ್ದು ಆ ಬೆಂಚನ್ನೇ. ಮೊಣಕೈ ಊರುವಲ್ಲಿ ಅದರ ಹಲಗೆ ಸವೆದು ಹಳ್ಳ ಬಿದ್ದಿತ್ತು.

ತೊಂಬತ್ತೊಂಬತ್ತರ ಜೂನಿನಲ್ಲಿ ಸೆಕ್ಷನ್ನಿನ ನೋಟೀಸ್ ಬೋರ್ಡಿಗೆ ಒಂದು ಹಾಳೆ ಅಂಟಿತು. ಇನ್ನು ಮುಂದೆ ಮೀಟರುಗಳ ತಪಾಸಣೆ ಕಂಪ್ಯೂಟರಿನಿಂದ. ಡಿಸೆಂಬರಿನಲ್ಲಿ ಎಲ್ಲರಿಗೂ ಕಂಪ್ಯೂಟರ್ ಪರೀಕ್ಷೆ. ಪಾಸಾದವರು ಬೆಂಚಿನಲ್ಲಿ ಇರುತ್ತಾರೆ, ಫೇಲಾದವರು ಸ್ಟೋರಿಗೆ. ಸ್ಟೋರೆಂದರೆ ಕಿಟಕಿಯಿಲ್ಲದ ಗೋದಾಮು. ಜಾಲರಿಯ ಒಳಗೆ ಕೂತು ಬೋಲ್ಟು ನಟ್ಟು ಕೊಡಬೇಕು, ಸಹಿ ಮಾಡಿಸಿಕೊಳ್ಳಬೇಕು. ಚನ್ನಬಸಪ್ಪನವರಿಗೆ ನಿವೃತ್ತಿಗೆ ಇನ್ನೂ ಮೂರು ವರ್ಷವಿತ್ತು. ಮೂರು ವರ್ಷ ಜಾಲರಿಯ ಹಿಂದೆ ಕೂರುವುದನ್ನು ನೆನೆದೇ ಅವರಿಗೆ ಊಟ ಸೇರಲಿಲ್ಲ.

ಆಗ ಇಡೀ ಹೈದರಾಬಾದಿಗೇ ಕಂಪ್ಯೂಟರಿನ ಜ್ವರ. ಅಮೀರ್‌ಪೇಟೆಯಲ್ಲಿ ಕಂಪ್ಯೂಟರ್ ಕಲಿಸುತ್ತೇವೆಂಬ ಬೋರ್ಡುಗಳು ಎಷ್ಟಿದ್ದವೆಂದರೆ, ಗೋಡೆ ಕುಸಿದರೂ ಮಹಡಿಗಳು ಬೋರ್ಡಿನ ಆಸರೆಯಲ್ಲೇ ನಿಲ್ಲುತ್ತಿದ್ದವು. ಚನ್ನಬಸಪ್ಪನವರು ಅಂಥದೊಂದು ಕ್ಲಾಸಿಗೆ ಹೋದರು. ಒಳಗಿದ್ದ ಹುಡುಗರು ಇವರ ತಲೆಗೂದಲು, ಕಿಸೆಯ ಸ್ಕ್ರೂಡ್ರೈವರು ನೋಡಿ, ಫ್ಯಾನ್ ರಿಪೇರಿಗೆ ಬಂದವರೆಂದು ಏಣಿ ತಂದು ನಿಲ್ಲಿಸಿದರು. ಇವರು ಏರಿ, ಫ್ಯಾನ್ ರಿಪೇರಿ ಮಾಡಿ, ಕೈ ಒರೆಸಿಕೊಂಡು ಮನೆಗೆ ಬಂದರು. “ಮನ್ಯಾಗ ಒಂದು ತರತೀನಿ,” ಎಂದು ಹೆಂಡತಿ ಶಿವದೇವಿಯವರಿಗೆ ಹೇಳಿದರು.

ಸಿಕಂದರಾಬಾದಿನಲ್ಲಿ ಹನ್ನೊಂದು ಅಂಗಡಿ ತಿರುಗಿದರು. ಪ್ರತಿ ಅಂಗಡಿಯಲ್ಲೂ ಕಂಪ್ಯೂಟರಿನ ಡಬ್ಬಿಯ ಮುಚ್ಚಳ ತೆಗೆಸಿ, ಕನ್ನಡಕ ಏರಿಸಿ, ಒಳಗಿನ ಒಂದೊಂದು ಸ್ಕ್ರೂವನ್ನೂ ಮುಟ್ಟಿ ನೋಡಿದರು. ಅಂಗಡಿಯವರು ಬೇಸತ್ತು ನೀರು ಕೇಳಿದರೂ ಕೊಡದಂತಾದರು. ಹನ್ನೆರಡನೇ ಅಂಗಡಿಯ ಮೆಟ್ಟಿಲು ಹತ್ತುವಾಗ ಒಳಗಿನವನು ಫೋನಿನಲ್ಲಿ, “ಅವ್ವಾ, ನಾ ಊಟ ಮಾಡೀನಿ, ನೀ ಚಿಂತಿ ಮಾಡಬ್ಯಾಡ” ಎನ್ನುವುದು ಕೇಳಿಸಿತು.

ಅಷ್ಟೇ. ಕರಗಿ ನೀರಾದರು.

ಹೈದರಾಬಾದಿನ ನಮ್ಮ ಜನಕ್ಕೆ ಇದೊಂದು ರೋಗ. ಡಾಕ್ಟರಿರಲಿ, ಟೇಲರಿರಲಿ, ಮಗಳಿಗೆ ವರನಿರಲಿ, ಕೇಳುವ ಮೊದಲ ಪ್ರಶ್ನೆ “ನಮ್ಮ ಮಾತು ಬರತೈತೇನು?” ಬರುತ್ತದೆಂದರೆ ಎರಡನೇ ಪ್ರಶ್ನೆಯಿಲ್ಲ. ಅಂಗಡಿಯ ರಾಮದಾಸ ಬೀದರದವನು, ಮಾತಿನಲ್ಲಿ ಬೆಲ್ಲದ ಪಾಕ. “ಕಾಕಾ, ನಮ್ಮವರಿಗಿ ನಾ ಮೋಸ ಮಾಡಿದರ ನನ್ನ ನಾಲಿಗಿ ಬಿದ್ದು ಹೋಗ್ತದ,” ಎಂದ. ಚನ್ನಬಸಪ್ಪನವರು ಆ ಡಬ್ಬಿಯ ಮುಚ್ಚಳ ಎತ್ತಿಸಲಿಲ್ಲ. ನಮ್ಮವನ ಮುಂದೆ ಹಾಗೆ ಅನುಮಾನ ಪಡುವುದು ಮರ್ಯಾದೆಯೇ? ರಾಮದಾಸ ಹಿಂಬದಿಯಲ್ಲಿ ಒಂದು ಬಿಳಿ ಚೀಟಿ ಅಂಟಿಸಿದ. “ಒಂದು ವರ್ಷ ಗ್ಯಾರಂಟಿ. ಈ ಸೀಲ್ ಒಂದು ಹರೀಬಾರ್ದು ಕಾಕಾ.”

ಆಮೇಲೆ ಕಂಪ್ಯೂಟರಿನ ಬೀಗರು ನೆಂಟರು ಬರತೊಡಗಿದರು. ಕಣ್ಣು ಕೆಡದಂತೆ ಪರದೆಯ ಮುಂದೆ ಒಂದು ಗಾಜು. ಕೀಬೋರ್ಡಿಗೆ ಪ್ಲಾಸ್ಟಿಕ್ ಹೊದಿಕೆ. ಮೌಸ್ ಕೂರಲು ಒಂದು ಗಾದಿ. ಮನೆಯವರು ಮಲಗುವ ಗಾದಿಗಿಂತ ಮೆತ್ತಗಿತ್ತು. ಪ್ರತಿ ರವಿವಾರ ರಾಮದಾಸನಲ್ಲಿಗೆ ಹೋಗಿ, ಇದಿಲ್ಲದೆ ಅದು ಕೆಡುತ್ತದೆ ಎಂದು ಕೇಳಿ, ಇದನ್ನೂ ತರುವುದು. ಶಿವದೇವಿಯವರು ತಮ್ಮ ಹಳೆಯ ಇಳಕಲ್ ಸೀರೆ ಕತ್ತರಿಸಿ ಟಿವಿಯಂಥ ಆ ಪೆಟ್ಟಿಗೆಗೆ ನಿರಿಗೆ ಹಿಡಿದ ಅಂಗಿ ಹೊಲಿದರು. ಕರೆಂಟು ಹೋದಾಗ ಕಾಪಾಡಲೆಂದು ತಂದ ಯುಪಿಎಸ್ ಐದು ನಿಮಿಷ ತಡೆಯುತ್ತದೆ ಎಂದಿದ್ದ ರಾಮದಾಸ. “ಕರೆಂಟ್ ಹೋತು” ಎಂದು ಬಾಯಿ ಮುಚ್ಚುವಷ್ಟರಲ್ಲಿ ಅದೂ ಹೋಗುತ್ತಿತ್ತು. ಹೋಗುವ ಮೊದಲು ಕೀ ಕೀ ಎಂದು ಓಣಿ ಎಬ್ಬಿಸುವಂತೆ ಅಳುತ್ತಿತ್ತು. ಪಕ್ಕದ ಮನೆಯ ಪ್ರಾಣೇಶರಾಯರು, ರೈಲ್ವೆ ಗುಮಾಸ್ತರು, ಕಟ್ಟೆಗೆ ಬಂದು ಕೇಳಿಯೇಬಿಟ್ಟರು:

“ಏನ್ರೀ ಚನ್ನಬಸಪ್ಪನವರ, ಕೂಸಿನ ಸಪ್ಪಳ ಕೇಳಾಕತ್ತೈತಿ. ಈ ವಯಸ್ಸಿನ್ಯಾಗ?”

“ಕೂಸಿದ್ದರ ಹಾಲು ಕುಡದು ಮಲಗತಿತ್ತು ಬಿಡ್ರಿ,” ಎಂದು ಒಳಗಿನಿಂದ ಶಿವದೇವಿ ಹೇಳಿದರು.

ಆದರೂ ಕಲಿಕೆ ಸಾಗಿತ್ತು. ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಚನ್ನಬಸಪ್ಪನವರು ಒಂದು ಪುಟ ಹೊಡೆದು, ಉಳಿಸಿ, ಮರುದಿನ ಅದನ್ನೇ ಹುಡುಕಿ ತೆಗೆಯಬಲ್ಲವರಾಗಿದ್ದರು. ಬೆಂಚು ಉಳಿಯುವಂತೆ ಕಂಡಿತು. ಆಗ ದಸರೆಯ ಖಂಡೇಪೂಜೆ, ಅಂದರೆ ಆಯುಧಪೂಜೆ, ಬಂತು.

ಸೆಕ್ಷನ್ನಿನಲ್ಲಿ ಒಂದು ಪದ್ಧತಿಯಿತ್ತು. ಖಂಡೇಪೂಜೆಯ ಹಿಂದಿನ ದಿನ ಪ್ರತಿಯೊಬ್ಬ ಫಿಟ್ಟರೂ ತನ್ನ ಮಷೀನು ಬಿಚ್ಚಿ, ವರ್ಷದ ಧೂಳು ತೆಗೆದು, ತಿರುಗುವ ಕಡೆಗೆಲ್ಲ ಒಂದು ಹನಿ ಎಣ್ಣೆ ಬಿಟ್ಟು, ಮುಚ್ಚಿ, ಆಮೇಲೆ ವಿಭೂತಿ ಹಚ್ಚಬೇಕು. ಮೂವತ್ತೊಂದು ವರ್ಷ ತಪ್ಪದ್ದು ಮನೆಯಲ್ಲಿ ತಪ್ಪೀತೇ? ಅವರು ಸ್ಕ್ರೂಡ್ರೈವರ್ ಹಿಡಿದು ಕೂತರು.

“ಆ ಚೀಟಿ ಹರೀಬ್ಯಾಡ ಅಂದಾನಲ್ರೀ ಅಂವ,” ಎಂದರು ಶಿವದೇವಿ.

“ಒಳಗ ಧೂಳ ಇಟ್ಟು ಮ್ಯಾಲೆ ಇಬತ್ತಿ ಹಚ್ಚಿದರ ಅದು ಪೂಜಿ ಅಲ್ಲ, ಚಾಷ್ಟಿ.”

ಚೀಟಿ ಹರಿಯಿತು, ಮುಚ್ಚಳ ಬಂತು. ಒಳಗೆ ನೋಡಿದವರು ಕನ್ನಡಕ ಏರಿಸಿದರು. ಒಂದೊಂದು ಸ್ಕ್ರೂವಿನ ತಲೆಯೂ ಸವೆದಿತ್ತು. ನಾಲ್ಕಾರು ಕೈ ನಾಲ್ಕಾರು ಸಲ ಬಿಚ್ಚಿ ತಿರುಗಿಸಿದ ಸವೆತ. ಹೊಸ ಲೇಬಲ್ಲಿನ ಅಂಚಿನಲ್ಲಿ ಹಳೆಯ ಲೇಬಲ್ಲಿನ ಅಂಚು ಇಣುಕುತ್ತಿತ್ತು. ಫ್ಯಾನಿನ ರೆಕ್ಕೆಗೆ ಅಂಟಿದ ಧೂಳು ಮೂರು ತಿಂಗಳದ್ದಲ್ಲ, ಮೂರು ವರ್ಷದ್ದು. ಜಿಡ್ಡುಗಟ್ಟಿ ಕಾಳು ಬಿತ್ತಿದರೆ ಬೆಳೆಯುವಷ್ಟಿತ್ತು.

“ಹಳೇದು,” ಎಂದರು.

“ಯಾವುದು?”

“ಎಲ್ಲಾ.”

ಸಿಟ್ಟಿಗೆ ಅವರ ಕೈ ನಡುಗಿತು. ಮೀಟರಿನ ಮುಳ್ಳನ್ನು ಕೂದಲೆಳೆಯಷ್ಟು ಸರಿಸುವ ಆ ಕೈ ನಡುಗಿದ್ದು ಅದೇ ಮೊದಲು. ಆಗಲೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ, ಶುರು ಮಾಡಿದ ಪೂಜೆ. ಫ್ಯಾನಿಗೆ ಒಂದು ಹನಿ ಬಿಡಬೇಕಾದ ಎಣ್ಣೆ ಧಾರೆಯಾಗಿ ಬಿತ್ತು, ಕೆಳಗಿನ ಹಸಿರು ಹಲಗೆಯ ಮೇಲೆಲ್ಲ ಹರಿಯಿತು. ಒರೆಸಿದರು, ಮುಚ್ಚಿದರು, ಮೂರು ಬೆರಳಿನಿಂದ ವಿಭೂತಿ ಎಳೆದರು, ಬಟನ್ ಒತ್ತಿದರು. ಪಟ್ ಎಂದಿತು. ಸುಟ್ಟ ವಾಸನೆ ಊದುಬತ್ತಿಯ ವಾಸನೆಯನ್ನೂ ಮೀರಿ ಬಂತು.

ಹಬ್ಬ ಮುಗಿದ ಮೇಲೆ ಡಬ್ಬಿಯನ್ನು ಕೀಬೋರ್ಡ್, ಮೌಸ್ ಸಮೇತ ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಸಿಕಂದರಾಬಾದಿಗೆ ಹೋದರು.

“ಹಳೇ ಮಾಲು ಕೊಟ್ಟೀಯಲ್ಲೋ ತಮ್ಮಾ! ಸ್ಕ್ರೂ ನೋಡು, ಲೇಬಲ್ ನೋಡು!”

ರಾಮದಾಸ ಸ್ಕ್ರೂ ನೋಡಲಿಲ್ಲ. ಹಿಂಬದಿಯ ಹರಿದ ಚೀಟಿ ನೋಡಿದ, ಮುಂದಿನ ವಿಭೂತಿ ನೋಡಿದ, ಒಳಗಿನ ಎಣ್ಣೆಯನ್ನು ಬೆರಳಿಗೆ ಹಚ್ಚಿ ಮೂಸಿದ.

“ಕಾಕಾ, ಇದು ಕಂಪ್ಯೂಟರ್ ಅದನೋ, ಬಜ್ಜಿ ಕರಿಯೋ ಬಾಂಡ್ಲಿ ಅದನೋ? ವಿಮಾನಕ್ಕೂ ಹಿಂಗೇ ಎಣ್ಣಿ ಹೊಯ್ತೀರೇನು? ನಾ ಇನ್ನ ರೈಲಿಗೇ ಹೋಗ್ತೀನಪ್ಪಾ.”

ಅಂಗಡಿಯಲ್ಲಿದ್ದವರು ನಕ್ಕರು. ಸೀಲ್ ಹರಿದದ್ದಕ್ಕೆ ಗ್ಯಾರಂಟಿ ಇಲ್ಲ. ನಮ್ಮವರೆಂದು ರಿಪೇರಿ ಮಾತ್ರ ಮಾಡಿಕೊಡುತ್ತೇನೆ, ಪಾರ್ಟ್ ಬರಬೇಕು, ಎಂಟು ದಿನ ಎಂದ.

ಮನೆಗೆ ಬಂದಾಗ ಶಿವದೇವಿ ರಾಮದಾಸನ ವಂಶವನ್ನೇ ಹಿಡಿದು ಬಯ್ದರು. ಚನ್ನಬಸಪ್ಪನವರು ಚಪ್ಪಲಿ ಬಿಡುತ್ತ ಮೆಲ್ಲಗೆ ಹೇಳಿದರು: “ಹಳೇದಿತ್ತು, ಖರೆ. ಆದ್ರ ನಡೀತಿತ್ತು. ನಿಂತದ್ದು ನನ್ನ ಕೈಯಾಗ.” ಆ ದಿನದಿಂದ ಚಹದಂಗಡಿಯಲ್ಲಿ ಅವರು ಚಹ ಮಾತ್ರ ಕುಡಿದರು.

ಎಂಟು ದಿನ ಹದಿನೈದಾಯಿತು, ತಿಂಗಳಾಯಿತು. ಪಾರ್ಟ್ ಚೀನಾದಿಂದ ನಡೆದುಕೊಂಡು ಬರುತ್ತಿದ್ದರೂ ಅಷ್ಟು ಹೊತ್ತಿಗೆ ಮಲ್ಕಾಜ್‌ಗಿರಿ ಮುಟ್ಟಬೇಕಿತ್ತು. ಚನ್ನಬಸಪ್ಪನವರು ಹಳೆಯ ಕ್ಯಾಲೆಂಡರಿನ ರಟ್ಟಿನ ಮೇಲೆ ಕೀಬೋರ್ಡ್ ಬರೆದುಕೊಂಡು ಅಭ್ಯಾಸಕ್ಕೆ ಕೂತರು. ಮೌಸ್ ಬದಲು ಮೈಸೋಪು. ಸೋಪನ್ನು ಆ ಮೆತ್ತನೆಯ ಗಾದಿಯ ಮೇಲೆ ಓಡಿಸಿ ಓಡಿಸಿ ಕೋಣೆಯೆಲ್ಲ ಘಮಘಮ.

“ಏನು ಹೊಡದ್ರಿ ಈಗ?” ಎಂದು ಶಿವದೇವಿ ಕೇಳುವರು.

“ನನ್ನ ಹೆಸರು.”

“ತಪ್ಪಿಲ್ಲಲ್ರೀ?”

“ರಟ್ಟಿನ ಮ್ಯಾಲೆ ಯಾರದೂ ತಪ್ಪಿರೂದಿಲ್ಲ.”

ಪರೀಕ್ಷೆಗೆ ಬಂದದ್ದು ಒಬ್ಬ ತೆಲುಗು ಹುಡುಗಿ, ಎಂಜಿನಿಯರು. ಕೆಟ್ಟವಳಲ್ಲ. ಇವರು ಟೈಪು ಸರಿಯಾಗಿಯೇ ಹೊಡೆದರು. ಆಮೇಲೆ ಮೌಸ್. ಸೆಪ್ಟೆಂಬರಿನಲ್ಲಿ ಕಲಿತದ್ದನ್ನು ಸೋಪು ಮರೆಸಿಬಿಟ್ಟಿತ್ತು. ಕೈಗೆ ಬಂದದ್ದು ಸೋಪಿನಂತೆ ಜಾರಲಿಲ್ಲ, ಪರದೆಯ ಮೇಲಿನ ಬಾಣ ಎಲ್ಲಿ ನಿಲ್ಲಿಸಿದರೂ ನಿಲ್ಲಲಿಲ್ಲ. “ಡಬಲ್ ಕ್ಲಿಕ್, ಸಾರ್,” ಎಂದಳು. ಚನ್ನಬಸಪ್ಪನವರ ಬೆರಳು ಮೂವತ್ತೊಂದು ವರ್ಷ ಕಲಿತದ್ದು ಒಮ್ಮೆ ಮುಟ್ಟಿ, ತಾಳಿ, ಮುಳ್ಳು ಏನನ್ನುತ್ತದೋ ಕಾದು, ಆಮೇಲೆ ಎರಡನೇ ಸಲ ಮುಟ್ಟುವುದನ್ನು. ಅವರ ಮೊದಲ ಕ್ಲಿಕ್ಕಿಗೂ ಎರಡನೇ ಕ್ಲಿಕ್ಕಿಗೂ ನಡುವೆ ಒಂದು ಗೂಡ್ಸ್ ಗಾಡಿ ಪೂರಾ ಹಾದುಹೋಗಬಹುದಿತ್ತು. “ಬೇಗ, ಸಾರ್,” ಎಂದಳು. ಬೇಗ ಮಾಡಿದರು, ಮೌಸ್ ಮೇಜಿನಿಂದ ಕೆಳಗೆ ಬಿತ್ತು. ಅವಳು ಹಾಳೆಯ ಮೇಲೆ ಗುರುತು ಹಾಕುವಾಗ ಅವರ ಮುಖ ನೋಡಲಿಲ್ಲ. ಜನವರಿ ಮೂರಕ್ಕೆ ಸ್ಟೋರಿನ ಜಾಲರಿಯ ಹಿಂದೆ ಕೂತರು. ಕಿಟಕಿಯ ಬೆಂಚಿನ ಮೇಲೆ ಕಂಪ್ಯೂಟರ್ ಬಂದು ಕೂತಿತು. ಮೊಣಕೈಯ ಹಳ್ಳ ಅಡ್ಡಬರುತ್ತದೆಂದು ಹಲಗೆ ಬದಲಿಸಿದರು.

ಮರುವಾರ ರಾಮದಾಸನಿಂದ ಫೋನು: ರೆಡಿ ಅದ ಕಾಕಾ.

ಅಂಗಡಿಯಲ್ಲಿ ತಾರ್ನಾಕದ ಗುರುಸಿದ್ದಪ್ಪ ಮಾಸ್ತರು ಕೂತಿದ್ದರು. ಮಗಳಿಗೆ ಕಂಪ್ಯೂಟರ್ ಕೊಳ್ಳಲು ಬಂದವರು. ಮುಂದೆ ಚಹ, ಪಕ್ಕದಲ್ಲಿ ಬಿಳಿ ಚೀಟಿ ಅಂಟಿಸಿದ ಡಬ್ಬಿ, ಮುಖದಲ್ಲಿ ತವರಿಗೆ ಬಂದ ಹೆಣ್ಣುಮಗಳ ಸಂತೋಷ. ರಾಮದಾಸ ಎದ್ದು ನಿಂತ.

“ನೋಡ್ರಿ ಮಾಸ್ತರ, ಇವರೂ ನಮ್ಮವರೇ. ವಿಮಾನದ ಮೀಟರ್ ರಿಪೇರಿ ಮಾಡ್ತಾರ, ದೊಡ್ಡ ಕಾರ್ಖಾನಿದಾಗ. ಅಂಥವರೇ ನಮ್ಮ ಹತ್ರ ತಗೊಂಡಾರ. ಕೇಳ್ರಿ ಬೇಕಾದ್ರ.”

“ಮಾಡ್ತಿದ್ದೆ,” ಎಂದರು ಚನ್ನಬಸಪ್ಪನವರು. “ಈಗ ಸ್ಟೋರಿನ್ಯಾಗ ನಟ್ಟು ಕೊಡಾಕತ್ತೀನಿ. ಇವರ ಮಷೀನು ತಗೊಂಡ ಮ್ಯಾಲೆ.”

ಮಾಸ್ತರರಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. “ಹಂಗಾರ ನಂಬಬಹುದೋ ಇಲ್ಲೋ, ಹೇಳ್ರೆಲಾ?”

“ಕಾಕಾ ಚಾಷ್ಟಿ ಭಾಳ ಮಾಡ್ತಾರ,” ಎಂದು ರಾಮದಾಸ ಹಲ್ಲು ತೋರಿಸಿದ. “ಸೀಲ್ ತಾವೇ ಹರಕೊಂಡು ಎಣ್ಣಿ ಹೊಯ್ದವರು ಇವರು. ಹೇಳ್ರಿ ಕಾಕಾ, ನಾ ನಿಮಗ ಏನು ಕಮ್ಮಿ ಮಾಡೀನಿ? ನಮ್ಮ ಮಾತಿನ್ಯಾಗೇ ಹೇಳ್ರಿ.”

ಚನ್ನಬಸಪ್ಪನವರು ತಮ್ಮ ಡಬ್ಬಿಯನ್ನು ಎತ್ತಿ ಸೊಂಟಕ್ಕೆ ಆನಿಸಿಕೊಂಡು ಮಾಸ್ತರರ ಕಡೆ ತಿರುಗಿದರು.

“ಇವರ ಕನ್ನಡಕ್ಕ ನಾ ಗ್ಯಾರಂಟಿ ಕೊಡ್ತೀನ್ರಿ. ಕುಂತು ಮನಸಾರೆ ಕೇಳ್ರಿ, ಚಾನೂ ಕುಡೀರಿ. ಮಷೀನು ಮಾತ್ರ ನಮ್ಮ ಮಾತು ತಿಳಿಯಲಾರದವನ ಕಡೆ ತಗೋರಿ. ಅಂಥವನ ಹತ್ರ ಆದ್ರ ನೀವು ಮುಚ್ಚಳ ತಗಿಸಿ ನೋಡ್ತೀರಿ.”